ಊರಿನ ಹೆರಿಗೆ ಕೋಣೆಗೆ ಬೀಗ ಬೀಳಬಾರದು

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಹಳ್ಳಿ ಹೆರಿಗೆ ಬಗ್ಗೆ ಏನೇ ಇದ್ದರೂ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ರಾಶಿ ಬಂದವು. ಒಂದೇ ವಿಷಯದವನ್ನು ಸೇರಿಸಿ ಒಂದು ಮಾಡಿದ್ದೇನೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮದು ಹೋಬಳಿ ಊರು. ಇಲ್ಲಿನ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಒಬ್ಬರು ಹೆರಿಗೆ ಡಾಕ್ಟರ್ ಇದ್ದರು. ಇಲ್ಲಿ ತಿಂಗಳಿಗೆ ಆಗುವ ಹೆರಿಗೆ ಕಡಿಮೆ ಅಂತ ಹೇಳಿ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಹಾಕಿದ್ದಾರೆ. ತಾಲ್ಲೂಕು ಕೇಂದ್ರ ನಮಗೆ ಘಟ್ಟದ ರಸ್ತೆಯಲ್ಲಿ ಒಂದೂವರೆ ಗಂಟೆ. ಕೇಳಿದರೆ "ಅಲ್ಲಿ ಎಲ್ಲಾ ಡಾಕ್ಟರೂ ಒಟ್ಟಿಗೆ ಇರ್ತಾರೆ, ನಿಮಗೇ ಒಳ್ಳೇದು" ಅಂತಾರೆ. ಊರವರು ರಸ್ತೆ ತಡೆ ಮಾಡೋಣ ಅಂತಿದ್ದಾರೆ. ನಾವು ಏನು ಕೇಳಬೇಕು?
— ಗ್ರಾಮ ಪಂಚಾಯಿತಿ ಸದಸ್ಯೆ, ಉತ್ತರ ಕನ್ನಡ ಜಿಲ್ಲೆ

ಉತ್ತರ: ಡಾಕ್ಟರನ್ನು ತಾಲ್ಲೂಕಿಗೆ ಒಯ್ದದ್ದಕ್ಕೆ ನಾನು ಅಷ್ಟು ಬೇಸರ ಮಾಡಿಕೊಳ್ಳೋದಿಲ್ಲ. ಆದರೆ ಅದೇ ನೆಪ ಮಾಡಿ ನಿಮ್ಮ ಲೇಬರ್ ರೂಮಿಗೆ ಬೀಗ ಹಾಕಿದರೆ ದಯವಿಟ್ಟು ಬಿಡಬೇಡಿ. ಇವೆರಡೂ ಬೇರೆ ಬೇರೆ ವಿಷಯ. ಇದನ್ನು ಬಿಡಿಸಿ ಹೇಳದೇ ಇರೋದರಿಂದಲೇ ಊರೂರಲ್ಲಿ ಜಗಳ ಆಗ್ತಿರೋದು.

ಮೊದಲು ಡಾಕ್ಟರ್ ವಿಷಯ. ಸಿಜೇರಿಯನ್ ಮಾಡಬೇಕು ಅಂದರೆ ಹೆರಿಗೆ ಡಾಕ್ಟರ್ ಒಬ್ಬರಿಂದ ಆಗೋದಿಲ್ಲ. ಅರಿವಳಿಕೆ ಕೊಡೋರು ಬೇಕು, ಮಗು ಅಳದಿದ್ದರೆ ನೋಡೋಕೆ ಮಕ್ಕಳ ಡಾಕ್ಟರ್ ಬೇಕು, ರಕ್ತ ಬೇಕು, ಥಿಯೇಟರ್ ಸಿಬ್ಬಂದಿ ಬೇಕು, ಮತ್ತು ಇವರೆಲ್ಲ ರಾತ್ರಿ ಎರಡು ಗಂಟೆಗೂ ಸಿಗಬೇಕು. ಒಬ್ಬರೇ ಡಾಕ್ಟರ್ ಇದ್ದರೆ ಅವರೂ ಮನುಷ್ಯರೇ ಅಲ್ವಾ, ರಜೆ ಹಾಕ್ತಾರೆ, ಮೀಟಿಂಗ್‌ಗೆ ಹೋಗ್ತಾರೆ, ನಿದ್ದೆ ಮಾಡ್ತಾರೆ. ಇಬ್ಬಿಬ್ಬರು ಇದ್ದರೆ ಪಾಳಿ ಹಾಕಬಹುದು. ಹಾಗಾಗಿ ತಾಲ್ಲೂಕು ಆಸ್ಪತ್ರೆಯನ್ನು ಗಟ್ಟಿ ಮಾಡೋದು ಸರಿ.

ಈಗ ಇನ್ನೊಂದು ವಿಷಯ. ಹೆರಿಗೆ ಆದ ಮೇಲೆ ವಿಪರೀತ ರಕ್ತ ಹೋಗಲು ಶುರುವಾದರೆ, ಏನೂ ಚಿಕಿತ್ಸೆ ಸಿಗದೇ ಇದ್ದರೆ, ತಾಯಿ ಸುಮಾರು ಎರಡು ಗಂಟೆಯಲ್ಲಿ ತೀರಿಹೋಗಬಹುದು. ನಿಮ್ಮ ಊರಿಂದ ತಾಲ್ಲೂಕಿಗೆ ಒಂದೂವರೆ ಗಂಟೆ. ಆಂಬುಲೆನ್ಸ್ ನಿಮ್ಮ ಮನೆಗೆ ಬರೋದಕ್ಕೆ ಎಷ್ಟು ಹೊತ್ತು? ಸ್ಟ್ರೆಚರ್ ಮೇಲೆ ಹಾಕಿ ಗುಡ್ಡ ಇಳಿಸೋದಕ್ಕೆ ಎಷ್ಟು ಹೊತ್ತು? ಲೆಕ್ಕ ಕೂಡಿ ಬರೋದಿಲ್ಲ. ಅದಕ್ಕೇ ಹತ್ತಿರದಲ್ಲಿ ತರಬೇತಿ ಆದ ಒಬ್ಬ ಸಿಸ್ಟರ್ ಇರಲೇಬೇಕು. ಮಗು ಹುಟ್ಟಿದ ನಿಮಿಷದಲ್ಲೇ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡೋದು, ಕಸ (ಮಾಸು) ಪೂರ್ತಿ ಬಿತ್ತಾ ನೋಡೋದು, ಗರ್ಭಕೋಶ ಗಟ್ಟಿಯಾಯ್ತಾ ಅಂತ ಹೊಟ್ಟೆ ಮೇಲೆ ಕೈಯಿಟ್ಟು ನೋಡೋದು, ಡ್ರಿಪ್ ಹಾಕೋದು, ಬಿಪಿ ಏರಿ ಫಿಟ್ಸ್ ಬಂದರೆ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟು ಕಳಿಸೋದು, ಇದೆಲ್ಲ ಸ್ಪೆಷಲಿಸ್ಟ್ ಇಲ್ಲದೆಯೇ ಆಗುವ ಕೆಲಸ.

ಇದು ಬರೀ ನನ್ನ ಅಭಿಪ್ರಾಯ ಅಂದುಕೊಳ್ಳಬೇಡಿ. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ 2002ರಿಂದ 2005ರವರೆಗೆ ಒಂದು ದೊಡ್ಡ ಅಧ್ಯಯನ ನಡೆಯಿತು. 1,620 ತಾಯಂದಿರು, ಹೆರಿಗೆ ಮಾಡಿಸಿದ್ದು ಎಎನ್‌ಎಂ ಸಿಸ್ಟರ್‌ಗಳು. ಅರ್ಧ ಜನಕ್ಕೆ ಹೆರಿಗೆ ಆದ ತಕ್ಷಣ ಮಿಸೊಪ್ರೊಸ್ಟಾಲ್ ಮಾತ್ರೆ ಬಾಯಿಗೆ ಕೊಟ್ಟರು, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಅತಿ ರಕ್ತಸ್ರಾವ ಆದವರು ಶೇ 12ರಿಂದ ಶೇ 6.4ಕ್ಕೆ ಇಳಿದರು. ತಾಯಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆ ಗೀಟು ಇರುವ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಹಿಡಿದು ಅಳೆದರು, ಕಣ್ಣಂದಾಜಿನ ಮೇಲೆ ಬಿಡಲಿಲ್ಲ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು, ಲೋಕದ ಎಷ್ಟೋ ಬಡ ದೇಶಗಳು ಇದನ್ನು ನೋಡಿ ಕಲಿತವು. ನಮ್ಮ ಸಿಸ್ಟರ್‌ಗಳು ತೋರಿಸಿಕೊಟ್ಟ ದಾರಿಯನ್ನು ನಾವೇ ಮರೆತು, ಡಾಕ್ಟರ್ ಇಲ್ಲ ಅಂದಮೇಲೆ ಹೆರಿಗೆಯೇ ಬೇಡ ಅನ್ನೋದು ನನಗೆ ತುಂಬಾ ಸಂಕಟ ಆಗುತ್ತೆ.

ಈಗ ನೀವು ಏನು ಕೇಳಬೇಕು ಅಂತ ಹೇಳ್ತೀನಿ. ರಸ್ತೆ ತಡೆ ಆಮೇಲೆ ಇರಲಿ, ಮೊದಲು ಬರವಣಿಗೆಯಲ್ಲಿ ಕೇಳಿ. ದಿನದ 24 ಗಂಟೆಯೂ ಹೆರಿಗೆ ತರಬೇತಿ ಆದ ಸಿಸ್ಟರ್‌ಗಳು ಪಾಳಿಯಲ್ಲಿ ಇರ್ತಾರಾ? ಹೋದ ಸ್ಪೆಷಲಿಸ್ಟ್ ವಾರದಲ್ಲಿ ಒಂದು ನಿಗದಿ ದಿನ ಬಂದು ಬಸುರಿಯರನ್ನು ನೋಡ್ತಾರಾ? ಇದು ಬಹಳ ಮುಖ್ಯ, ಯಾಕಂದರೆ ತೊಂದರೆ ಇರೋ ಬಸುರಿಯನ್ನು ಮುಂಚೆಯೇ ಗುರುತಿಸಿದರೆ ಅರ್ಧ ಓಡಾಟ ತಪ್ಪುತ್ತೆ. ನಿಮ್ಮ ಊರಲ್ಲೇ ನಿಲ್ಲುವ ಒಂದು 108 ಗಾಡಿ ಕೊಡ್ತಾರಾ? ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಶೇಖರಣಾ ಘಟಕ ಕೆಲಸ ಮಾಡ್ತಿದೆಯಾ, ಅಥವಾ ಬೋರ್ಡ್ ಮಾತ್ರ ಇದೆಯಾ? ಎಲ್ಲಾ ಡಾಕ್ಟರೂ ಒಟ್ಟಿಗೆ ಇರ್ತಾರೆ ಅಂದರಲ್ಲ, ರಾತ್ರಿ ಪಾಳಿಯ ಪಟ್ಟಿ ಗೋಡೆಗೆ ಅಂಟಿಸಿ ಅನ್ನಿ.

ಇನ್ನೊಂದು ಮಾತು, ರೆಫರ್ ಚೀಟಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಇದೊಂದು ನನ್ನ ನಿತ್ಯದ ನೋವಾಗಿತ್ತು. ಅರ್ಧ ಹಾಳೆ, ಮೇಲೆ ಹೆಸರು, ವಯಸ್ಸು, ಕೆಳಗೆ "ಮುಂದಿನ ಚಿಕಿತ್ಸೆಗಾಗಿ" ಅಂತ ಒಂದು ಸಾಲು. ಬಿಪಿ ಎಷ್ಟಿತ್ತು, ನೀರು ಯಾವಾಗ ಒಡೆಯಿತು, ಯಾವ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟರು, ಒಂದೂ ಇರೋದಿಲ್ಲ. ಜೊತೆಗೆ ಬಂದ ಅತ್ತೆಗೆ ಗೊತ್ತಿರೋದಿಲ್ಲ. ಆಂಬುಲೆನ್ಸ್ ಆಗಲೇ ಗೇಟು ದಾಟಿರುತ್ತೆ. ನಾವು ಮೊದಲಿಂದ ಶುರು ಮಾಡಬೇಕು, ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿರುತ್ತೆ. ಕಳಿಸುವ ಸಿಸ್ಟರ್ ಚೀಟಿ ತುಂಬಿ, ತಾಲ್ಲೂಕಿನ ಲೇಬರ್ ರೂಮಿಗೆ ಫೋನ್ ಮಾಡಿಯೇ ಗಾಡಿ ಹತ್ತಿಸಬೇಕು ಅನ್ನೋ ನಿಯಮವನ್ನು ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಪಾಸ್ ಮಾಡಿಸಿ. ಪೈಸೆ ಖರ್ಚಿಲ್ಲ.

ಪ್ರಶ್ನೆ: ನಮ್ಮದು ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ. ಸೇತುವೆ ಆಯಿತಲ್ಲ, ಇನ್ನು ನಿಮಗೆ ಇಲ್ಲಿ ಹೆರಿಗೆ ಸೌಲಭ್ಯ ಯಾಕೆ ಅಂತ ನೆಂಟರೇ ಕೇಳ್ತಾರೆ. ಹೌದಾ ಡಾಕ್ಟರೇ?
— ಸಾಗರ ತಾಲ್ಲೂಕು

ಉತ್ತರ: ಹಿನ್ನೀರಿನ ಜನರ ಕಷ್ಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡ್ತೀನಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಕರೂರು, ಬಾರಂಗಿ ಹೋಬಳಿಯ ಊರುಗಳು ತಾಲ್ಲೂಕು ಕೇಂದ್ರದಿಂದ ಕಡಿದುಹೋದವು. ನಾಡಿಗೆ ಕರೆಂಟು ಬಂತು, ಇವರ ಪಾಲಿಗೆ ಬಂದದ್ದು ನೀರು ದಾಟಿಸುವ ಲಾಂಚ್. ಸಂಜೆ ಆದಮೇಲೆ ಅದೂ ಇಲ್ಲ. ಕತ್ತಲಾದ ಮೇಲೆ ಬೇನೆ ಬಂದರೆ ಕಾಡಿನ ದಾರಿಯಲ್ಲಿ ಸುತ್ತು ಹಾಕಿ ಹೋಗಬೇಕಿತ್ತು. ಅಂಬಾರಗೋಡ್ಲು ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆ ಆಯಿತು. ಅಷ್ಟು ದಶಕ ಆ ಭಾಗದ ಹೆಂಗಸರು ಎಷ್ಟು ಭಯದಲ್ಲಿ ದಿನ ತುಂಬಿಸಿಕೊಂಡರು ಅಂತ ಯೋಚಿಸಿದರೇ ಹೊಟ್ಟೆ ಚುರುಕ್ ಅನ್ನುತ್ತೆ.

ಸೇತುವೆಯಿಂದ ರಾತ್ರಿ ದಾರಿ ತೆರೆಯಿತು, ನಿಜ. ಆದರೆ ಸೇತುವೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅದರ ಆ ಕಡೆ ಈ ಕಡೆ ಇರುವ ರಸ್ತೆ ಹಳೇದೇ ದೂರ. ಮಳೆಗಾಲದಲ್ಲಿ ಮರ ಬಿದ್ದರೆ ಗಾಡಿ ಅಲ್ಲೇ. ಮೊಬೈಲ್ ಸಿಗ್ನಲ್ ಸಿಗದ ಮನೆಗಳಿಂದ 108ಕ್ಕೆ ಫೋನ್ ಮಾಡೋದಾದರೂ ಹೇಗೆ? ಹಾಗಾಗಿ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಹೆರಿಗೆ ಮಾಡಿಸುವ ಸಿಸ್ಟರ್ ಬೇಕೇ ಬೇಕು, ಕೇಳೋದನ್ನು ನಿಲ್ಲಿಸಬೇಡಿ. ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ, ಬಯಲು ಸೀಮೆಯಲ್ಲಿ 30,000ಕ್ಕೆ ಒಂದು ಅಂತ ನಿಯಮ ಮಾಡಿದ್ದೇ ಈ ಕಾರಣಕ್ಕೆ. ಜನ ಕಡಿಮೆ, ಹೆರಿಗೆ ಕಡಿಮೆ ಅನ್ನೋ ಲೆಕ್ಕವನ್ನು ಕಾಡಂಚಿನ ಊರಿಗೆ ಹಾಕಬಾರದು.

ತಮಿಳುನಾಡಿನಲ್ಲಿ ಗುಡ್ಡದ ಬುಡಕಟ್ಟು ಊರುಗಳ ಬಸುರಿಯರಿಗೆ ಅಂತ ಆಸ್ಪತ್ರೆ ಪಕ್ಕದಲ್ಲೇ ಕಾಯುವ ಕೋಣೆ ಮಾಡಿದ್ದಾರೆ. ದಿನ ತುಂಬುವ ಮುಂಚೆ ಬಂದು, ಜೊತೆಗೊಬ್ಬರನ್ನು ಇಟ್ಟುಕೊಂಡು, ಊಟ ಮಾಡಿಕೊಂಡು ಇರಬಹುದು. ನಮ್ಮ ಮಲೆನಾಡಿಗೂ ಇದು ಬೇಕು ಅಂತ ನಾನು ಸಿಕ್ಕಿದವರಿಗೆಲ್ಲ ಹೇಳ್ತಾ ಇರ್ತೀನಿ. ಅಲ್ಲಿಯವರೆಗೆ, ಸಾಗರದಲ್ಲಿ ನೆಂಟರ ಮನೆ ಇದ್ದರೆ ಕೊನೆಯ ಹದಿನೈದು ದಿನ ಅಲ್ಲಿರಿ. ಸಂಕೋಚ ಬೇಡ.

ಪ್ರಶ್ನೆ: ಹೆಂಡತಿಗೆ ಏಳೂವರೆ ತಿಂಗಳು. ರಕ್ತ 8.2 ಇದೆ ಅಂದರು. ಮಾತ್ರೆ ತಗೊಂಡರೆ ವಾಂತಿ ಬರುತ್ತೆ ಅಂತ ಬಿಟ್ಟಿದ್ದಾಳೆ. ಮುಂದಿನ ವಾರ ಸೀಮಂತ ಮಾಡಿ ತವರಿಗೆ ಕರೆದುಕೊಂಡು ಹೋಗ್ತಾರೆ. ಅದು ಇನ್ನೊಂದು ಜಿಲ್ಲೆ. ನಾನು ಏನು ಗಮನಿಸಬೇಕು?
— ಕೊಪ್ಪಳ ಜಿಲ್ಲೆ

ಉತ್ತರ: ತಮ್ಮಾ, ಗಂಡಸರು ಈ ಅಂಕಣಕ್ಕೆ ಬರೆಯೋದೇ ಅಪರೂಪ, ನೀವು ಸರಿಯಾದ ಸಮಯಕ್ಕೆ ಕೇಳಿದ್ದೀರಿ.

ಹಿಮೋಗ್ಲೋಬಿನ್ 8.2 ಅಂದರೆ ಕಡಿಮೆಯೇ. 11 ಇರಬೇಕು. ಗಾಬರಿ ಬೇಡ, ಆದರೆ ಸುಮ್ನೆ ಕೂರಲೂಬೇಡಿ. ರಾಜ್ಯದ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಮೊದಲೇ ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ಜಾಸ್ತಿ ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಇರೋದಿಲ್ಲ. ಬೇರೆಯವರಿಗೆ ಏನೂ ಆಗದಷ್ಟು ರಕ್ತಸ್ರಾವ ಇವರಿಗೆ ಕುತ್ತಾಗುತ್ತೆ.

ಕಬ್ಬಿಣದ ಮಾತ್ರೆಯನ್ನು ರಾತ್ರಿ ಊಟ ಆಗಿ ಮಲಗುವ ಮುಂಚೆ ತಗೊಳ್ಳಲಿ, ವಾಂತಿ ಕಡಿಮೆ ಆಗುತ್ತೆ. ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆ ಬೇಡ, ಒಂದೆರಡು ಗಂಟೆ ಬಿಡುವು ಇರಲಿ. ನಿಂಬೆ ಹಣ್ಣಿನ ಪಾನಕದ ಜೊತೆ ತಗೊಂಡರೆ ಚೆನ್ನಾಗಿ ಹಿಡಿಯುತ್ತೆ. ಮಲ ಕಪ್ಪಗೆ ಹೋದರೆ ಹೆದರಬೇಡಿ. ಇಷ್ಟಾಗಿಯೂ ಆಗಲಿಲ್ಲ ಅಂದರೆ, ಅಥವಾ ದಿನ ಹತ್ತಿರ ಬಂತು ಅಂದರೆ, ಡ್ರಿಪ್‌ನಲ್ಲಿ ಹಾಕುವ ಕಬ್ಬಿಣದ ಇಂಜೆಕ್ಷನ್ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಈ ವಾರವೇ ಕರೆದುಕೊಂಡು ಹೋಗಿ ಕೇಳಿ. ಪ್ರತಿ ತಿಂಗಳು 9ನೇ ತಾರೀಕು ಗರ್ಭಿಣಿಯರ ತಪಾಸಣೆ ಇರುತ್ತೆ, ಅವತ್ತು ಡಾಕ್ಟರ್ ಖಂಡಿತ ನೋಡಬೇಕು.

ಈಗ ತವರಿನ ವಿಷಯ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲೇ. ಅಮ್ಮನ ಕೈ ಊಟ, ಎಣ್ಣೆ ನೀರು, ಬಾಣಂತನ, ಅದರ ನೆಮ್ಮದಿಯೇ ಬೇರೆ, ತಪ್ಪಿಸಿ ಅಂತ ನಾನು ಹೇಳೋದಿಲ್ಲ. ಆದರೆ ಏಳು ತಿಂಗಳು ಇವಳನ್ನು ನೋಡಿದ ಸಿಸ್ಟರ್, ಆಶಾ ಎಲ್ಲ ಗಂಡನ ಊರಲ್ಲಿ ಉಳಿದುಬಿಡ್ತಾರೆ. ತವರಿನ ಆಶಾಗೆ ಇಂಥವಳು ಬಂದಿದ್ದಾಳೆ ಅಂತಲೇ ಗೊತ್ತಿರೋದಿಲ್ಲ. ಇಲ್ಲಿಯ ಲೆಕ್ಕದಲ್ಲಿ "ತವರಿಗೆ ಹೋದರು" ಅಂತ ಬರೀತಾರೆ, ಅಲ್ಲಿಯ ಲೆಕ್ಕದಲ್ಲಿ ಹೆಸರೇ ಇಲ್ಲ. ಅಪಾಯದ ಬಸುರಿಯರು ಕೈತಪ್ಪೋದು ಇಲ್ಲೇ. ಹೋಗುವಾಗ ತಾಯಿ ಕಾರ್ಡ್, ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಚೀಟಿ ಎಲ್ಲ ಒಂದು ಕವರಿನಲ್ಲಿ ಹಾಕಿಕೊಡಿ. ಎಲ್ಲದರ ಫೋಟೋ ನಿಮ್ಮ ಮೊಬೈಲಲ್ಲೂ ಇರಲಿ. ನಿಮ್ಮ ಊರಿನ ಆಶಾ ಕೈಯಲ್ಲಿ ತವರೂರಿನ ಆಶಾಗೆ ಫೋನ್ ಮಾಡಿಸಿ. ಅತ್ತೆ ಮಾವನ ಜೊತೆ ಕೂತು ಇಷ್ಟು ಗೊತ್ತುಮಾಡಿಕೊಳ್ಳಿ: ಯಾವ ಆಸ್ಪತ್ರೆ, ರಾತ್ರಿ ಹೊತ್ತು ಯಾರ ಗಾಡಿ, ಇವಳ ರಕ್ತದ ಗುಂಪಿಗೆ ಹೊಂದುವವರು ಮನೆಯಲ್ಲಿ ಯಾರಿದ್ದಾರೆ. ಮತ್ತೆ, ನೀವೂ ಕೊನೆಯ ದಿನಗಳಲ್ಲಿ ಅಲ್ಲಿರಲು ನೋಡಿ. ಆಪರೇಷನ್‌ಗೆ ಸಹಿ ಹಾಕಲು "ಗಂಡ ಬರಲಿ" ಅಂತ ಕಾಯ್ದು ಹೊತ್ತು ಕಳೆದ ಮನೆಗಳನ್ನು ನೋಡಿದ್ದೇನೆ. ಆಕೆ ತಾನೇ ಸಹಿ ಹಾಕಬಹುದು, ಅದನ್ನೂ ಅತ್ತೆ ಮಾವನಿಗೆ ಹೇಳಿಡಿ.

ತಲೆನೋವು ಬಿಡದೇ ಇದ್ದರೆ, ಕಣ್ಣು ಮಂಜಾದರೆ, ಮುಖ ಕೈ ಊದಿಕೊಂಡರೆ, ಒಂದು ಹನಿ ರಕ್ತ ಕಂಡರೂ, ಮಗು ಆಡೋದು ಕಡಿಮೆ ಆದರೆ, ಬೆಳಗಾಗಲಿ ಅಂತ ಕಾಯಬಾರದು.

ಪ್ರಶ್ನೆ: ನನಗೆ ಆರು ಹೆರಿಗೆ, ಆರೂ ಮನೇಲೇ, ಸೂಲಗಿತ್ತಿ ಕೈಲಿ. ಸೊಸೆಯನ್ನು ಆಸ್ಪತ್ರೆಗೆ ಹಾಕಿದರೆ ಬೈತಾರೆ, ಹೊಡೀತಾರೆ, ಕೊನೆಗೆ ಕೊಯ್ದು ಕಳಿಸ್ತಾರೆ. ಬಳ್ಳಾರೀಲಿ ಬಾಣಂತಿಯರು ಸತ್ತದ್ದು ಟೀವೀಲಿ ನೋಡಿ ಇನ್ನೂ ಹೆದರಿಕೆ. ಮನೇಲೇ ಮಾಡಿಸಿದರೆ ಏನು ತಪ್ಪು?
— ತುಮಕೂರು ಜಿಲ್ಲೆ

ಉತ್ತರ: ಅಮ್ಮಾ, ನಿಮ್ಮ ಜಿಲ್ಲೆಯವರೇ ಪಾವಗಡದ ಸೂಲಗಿತ್ತಿ ನರಸಮ್ಮ. 15,000ಕ್ಕೂ ಜಾಸ್ತಿ ಹೆರಿಗೆ ಮಾಡಿಸಿದ ತಾಯಿ, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಆಸ್ಪತ್ರೆ ಇಲ್ಲದ ಕಾಲದಲ್ಲಿ ಕಾಸು ಕೇಳದೇ ಜೀವ ಉಳಿಸಿದ ಇಂಥವರ ಬಗ್ಗೆ ಹಗುರವಾಗಿ ಮಾತಾಡುವ ಡಾಕ್ಟರ್‌ಗಳನ್ನು ಕಂಡರೆ ನನಗೆ ಕೋಪ ಬರುತ್ತೆ. ಬೇನೆ ತಿನ್ನುವವಳ ಬೆನ್ನು ನೀವುವುದು, ಓಡಾಡಿಸೋದು, ಧೈರ್ಯ ಹೇಳೋದು, ಇದನ್ನು ನಾವು ಅವರಿಂದ ಕಲಿಯಬೇಕಿತ್ತು.

ಆದರೆ ರಕ್ತ ನಿಲ್ಲದೇ ಇದ್ದಾಗ, ಮಗು ಅಡ್ಡ ಇದ್ದಾಗ ಎಷ್ಟು ಒಳ್ಳೆಯ ಸೂಲಗಿತ್ತಿ ಕೈಯಲ್ಲೂ ಉಪಾಯ ಇರಲಿಲ್ಲ. 2001-03ರ ಹೊತ್ತಿಗೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯ್ತಿದ್ದರು. 2019-21ರಲ್ಲಿ ಅದು 63. ಆಸ್ಪತ್ರೆಯಲ್ಲಿ ಹೆರಿಗೆ ಆಗುವುದು 2005-06ರಲ್ಲಿ ಶೇ 65ರ ಹತ್ತಿರ ಇತ್ತು, 2019-21ರ ಹೊತ್ತಿಗೆ ಶೇ 97 ಆಯಿತು. ನಿಮ್ಮ ವಯಸ್ಸಿನವರನ್ನು ಕೇಳಿ, ಬಾಣಂತಿಯಾಗಿ ಸತ್ತವರ ಒಂದಾದರೂ ಹೆಸರು ಪ್ರತಿ ಕೇರಿಯಲ್ಲೂ ನೆನಪಿರುತ್ತೆ. ಇನ್ನೂ ಕೇರಳದಷ್ಟು ಇಳಿಸಿಲ್ಲ ನಾವು, 2019-21ರಲ್ಲಿ ಅಲ್ಲಿ ಲಕ್ಷಕ್ಕೆ 20 ಇತ್ತು.

ಬಳ್ಳಾರಿ ವಿಷಯ. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ತಾಯಂದಿರು ಸತ್ತರು, ಡ್ರಿಪ್‌ಗೆ ಹಾಕಿದ ದ್ರಾವಣದ ಮೇಲೆ ಅನುಮಾನ ಬಂತು. ಆ ಮನೆಗಳ ದುಃಖಕ್ಕೆ ಸಮಾಧಾನದ ಮಾತು ನನ್ನ ಹತ್ತಿರ ಇಲ್ಲ. ಸರ್ಕಾರ ಕೊಳ್ಳುವ ಪ್ರತಿ ಔಷಧಿಯ ಗುಣಮಟ್ಟ ಪರೀಕ್ಷೆ ಆಗಲೇಬೇಕು, ಹಳ್ಳಿ ಹೆಂಗಸಿಗೆ ಹೋಗುವ ಬಾಟಲಿ ಅಂತ ಸಡಿಲ ಬಿಡೋದು ಅಕ್ಷಮ್ಯ. ಆದರೆ ಆ ಹೆದರಿಕೆಗೆ ಸೊಸೆಯನ್ನು ಮನೆಯಲ್ಲೇ ಇಟ್ಟುಕೊಂಡರೆ ಅಪಾಯ ಇನ್ನೂ ಜಾಸ್ತಿ.

ಬೈಗುಳದ ಮಾತು ನಿಜ. ಲೇಬರ್ ರೂಮಿನಲ್ಲಿ ಹೆಂಗಸರಿಗೆ ಕೈ ಮಾಡೋದು, ಹೊಲಸು ಮಾತಾಡೋದು ಕೇಳಿ ನಾನೂ ಸಿಸ್ಟರ್‌ಗಳ ಜೊತೆ ಜಗಳ ಆಡಿದ್ದೇನೆ. ಒಬ್ಬ ಹೆಂಗಸು ಜೊತೆಗಿರಲು ಅವಕಾಶ ಇದೆ, ಕೇಳಿ ಪಡೆಯಿರಿ. ನೀವೇ ಒಳಗೆ ಹೋಗಿ ಸೊಸೆಯ ಕೈ ಹಿಡಿದುಕೊಂಡಿರಿ. ಆರು ಹೆತ್ತವರು ಪಕ್ಕದಲ್ಲಿದ್ದರೆ ಅವಳಿಗೆ ಅದಕ್ಕಿಂತ ಧೈರ್ಯ ಬೇರೆ ಏನಿದೆ?

ಪ್ರಶ್ನೆ: ನಾನು ಆಶಾ. ಪಿಎಚ್‌ಸಿಯಲ್ಲಿ ಸೌಲಭ್ಯ ಇದ್ದರೂ ರಾತ್ರಿ ಕರೆದುಕೊಂಡು ಹೋದರೆ "ಮುಂದೆ ಹೋಗಿ" ಅಂತಾರೆ. ಮನೆಯವರು ನನ್ನ ಮೇಲೆ ರೇಗ್ತಾರೆ. ಕೊನೆಗೆ ಜನ ನೇರ ಪ್ರೈವೇಟ್‌ಗೆ ಹೋಗಿ ಸಾಲ ಮಾಡ್ಕೊಳ್ತಾರೆ. ಆಮೇಲೆ ನಮ್ಮ ಪಿಎಚ್‌ಸಿಯಲ್ಲಿ ಹೆರಿಗೆಯೇ ಇಲ್ಲ ಅಂತ ಬರೀತಾರೆ.
— ವಿಜಯಪುರ ಜಿಲ್ಲೆ

ಉತ್ತರ: ತಂಗಿ, ಕೊನೆಯ ಸಾಲಿನಲ್ಲಿ ನೀವು ಬರೆದದ್ದನ್ನು ಅಧಿಕಾರಿಗಳೆಲ್ಲ ಓದಬೇಕು. ಹೆರಿಗೆ ಕಡಿಮೆ ಆದ ಮೇಲೆ ಸೇವೆ ನಿಲ್ಲಿಸಿದರು ಅಂತ ಕಾಗದದಲ್ಲಿ ಇರುತ್ತೆ. ಎಷ್ಟೋ ಕಡೆ ಆಗಿರೋದು ತಿರುಗಾಮುರುಗಾ: ಮೊದಲು ರಾತ್ರಿ ಸಿಸ್ಟರ್ ಇಲ್ಲವಾದರು, ಆಮೇಲೆ ಜನ ಬರೋದು ಬಿಟ್ಟರು. ಸಿಸ್ಟರ್‌ಗಳ ಕಡೆಯಿಂದಲೂ ನೋಡಬೇಕು. ಒಬ್ಬಳೇ ಇರ್ತಾಳೆ, ಕಾವಲುಗಾರ ಇಲ್ಲ, ಕರೆಂಟು ಹೋದರೆ ಯುಪಿಎಸ್ ಕೆಟ್ಟಿರುತ್ತೆ, ಏನಾದರೂ ಹೆಚ್ಚುಕಡಿಮೆ ಆದರೆ ಜನ ನುಗ್ಗಿ ಬರ್ತಾರೆ. ಹೆದರಿ ರೆಫರ್ ಮಾಡ್ತಾಳೆ. ಹೆರಿಗೆ ಮಾಡಿಸದೇ ಮಾಡಿಸದೇ ಕೈ ಅಭ್ಯಾಸವೂ ತಪ್ಪುತ್ತೆ. ಅಂಥವರನ್ನು ವರ್ಷಕ್ಕೆ ಕೆಲವು ವಾರ ಜಿಲ್ಲಾ ಆಸ್ಪತ್ರೆ ಲೇಬರ್ ರೂಮಿಗೆ ಕಳಿಸಿ ಕೈ ಪಳಗಿಸಿ ತರಬೇಕು, ಇದು ನನ್ನ ಬಹಳ ದಿನದ ಒತ್ತಾಯ.

ನೀವು ಮಾಡಬಹುದಾದದ್ದು: "ಮುಂದೆ ಹೋಗಿ" ಅಂದಾಗ ಬಾಯಿಮಾತಿಗೆ ಹೊರಡಬೇಡಿ. ಬಿಪಿ ನೋಡಿ, ಒಳಗೆ ಪರೀಕ್ಷೆ ಮಾಡಿ, ಕಾರಣ ಬರೆದು ಚೀಟಿ ಕೊಡಿ ಅನ್ನಿ. ಬರೆಯಬೇಕು ಅಂದಾಗ ಅರ್ಧ ರೆಫರ್ ನಿಂತುಹೋಗುತ್ತೆ. ಚೀಟಿ ಇಲ್ಲದೇ ಕಳಿಸಿದ ದಿನ, ಹೊತ್ತು ನಿಮ್ಮ ಡೈರಿಯಲ್ಲಿ ಬರೆದಿಡಿ, ತಿಂಗಳ ಸಭೆಯಲ್ಲಿ ಓದಿ. ಒಬ್ಬರೇ ಓದಬೇಡಿ, ಸುತ್ತಲಿನ ಆಶಾಗಳೆಲ್ಲ ಒಟ್ಟಿಗೆ ಓದಿ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಹಗಲು ರಾತ್ರಿ ಕೂತವರು ನೀವು. ಒಟ್ಟಾಗಿ ನಿಂತು ಕೇಳೋದು ನಿಮಗೆ ಹೊಸದೇನಲ್ಲ.

ಪಂಚಾಯಿತಿಯವರು ಯಾರಾದರೂ ಒಳ್ಳೆಯವರಿದ್ದರೆ ಅವರನ್ನು ಒಮ್ಮೆ ಲೇಬರ್ ರೂಮಿಗೆ ಕರೆದುಕೊಂಡು ಹೋಗಿ ಫ್ರಿಜ್ ಬಾಗಿಲು ತೆಗೆಸಿ. ಆಕ್ಸಿಟೋಸಿನ್ ಆಂಪುಲ್‌ಗಳು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬೇಸಿಗೆಯಲ್ಲಿ 42 ಡಿಗ್ರಿ ಏರುವ ನಿಮ್ಮ ಕಡೆ ಅದು ಹೊರಗೆ ಟ್ರೇನಲ್ಲಿ ಬಿದ್ದಿದ್ದರೆ ಶಕ್ತಿ ಕಳೆದುಕೊಂಡಿರುತ್ತೆ, ಕೊಟ್ಟರೂ ರಕ್ತ ನಿಲ್ಲೋದಿಲ್ಲ. ಫ್ರಿಜ್ ಓಡ್ತಿದೆಯಾ, ಬಿಪಿ ಮಿಷನ್ ಸರಿ ಇದೆಯಾ, ಮಗುವನ್ನು ಬೆಚ್ಚಗಿಡುವ ವಾರ್ಮರ್ ಉರೀತಿದೆಯಾ, ಬಚ್ಚಲಲ್ಲಿ ನೀರು ಬರ್ತಿದೆಯಾ ಅಂತ ನೋಡೋಕೆ ಡಾಕ್ಟರೇ ಆಗಬೇಕಿಲ್ಲ. ರಿಪೇರಿಗೆ ಆರೋಗ್ಯ ರಕ್ಷಾ ಸಮಿತಿಯ ಹಣ ಇರುತ್ತೆ.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ಗಂಡು ಮಗು ಅಂದರೆ ಇಷ್ಟು, ಹೆಣ್ಣು ಅಂದರೆ ಇಷ್ಟು ಅಂತ ಕೇಳಿದರು. ಔಷಧಿ ಹೊರಗಿಂದ ತರಿಸಿದರು. ಮನೆಗೆ ಆಟೋ ಮಾಡಿಕೊಂಡು ಬಂದೆವು. ಇದೆಲ್ಲ ನಾವೇ ಕೊಡಬೇಕಾ?
— ಚಾಮರಾಜನಗರ ಜಿಲ್ಲೆ

ಉತ್ತರ: ಒಂದು ಪೈಸೆಯೂ ಕೊಡಬೇಕಿಲ್ಲ. 2011ರ ಜೂನ್‌ನಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಜಾರಿಯಲ್ಲಿದೆ. ಎಪಿಎಲ್, ಬಿಪಿಎಲ್ ಭೇದ ಇಲ್ಲ. ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲ ಉಚಿತ. ಮಾಮೂಲಿ ಹೆರಿಗೆಗೆ ಮೂರು ದಿನ, ಸಿಜೇರಿಯನ್‌ಗೆ ಏಳು ದಿನದವರೆಗೆ ಊಟ. ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ದೊಡ್ಡಾಸ್ಪತ್ರೆಗೆ, ವಾಪಸು ಮನೆಗೆ ಗಾಡಿ. ಮನೆಗೆ ಬಿಡಲು ನಗು-ಮಗು ಅಂತ ಬೇರೆ ಗಾಡಿಯೇ ಇದೆ, ಡಿಸ್ಚಾರ್ಜ್ ದಿನ ಬೆಳಿಗ್ಗೆಯೇ ಕೇಳಿ. ಮಗುವಿಗೆ ಒಂದು ವರ್ಷ ತುಂಬುವವರೆಗೆ ಕಾಯಿಲೆ ಬಂದರೂ ಚಿಕಿತ್ಸೆ ಪುಕ್ಕಟೆ.

ದುಡ್ಡು ಕೇಳಿದರೆ ಆ ಹೊತ್ತಲ್ಲಿ ಜಗಳ ಮಾಡೋದು ಕಷ್ಟ, ನನಗೆ ಅರ್ಥ ಆಗುತ್ತೆ, ಮಗಳು ಒಳಗೆ ಮಲಗಿರ್ತಾಳೆ. ಯಾರು, ಯಾವ ಪಾಳಿ, ಎಷ್ಟು ಕೇಳಿದರು ಅಂತ ಬರೆದಿಟ್ಟುಕೊಳ್ಳಿ. ಹೊರಗಿನ ಔಷಧಿ ಅಂಗಡಿ ಬಿಲ್ಲು ಎಸೆಯಬೇಡಿ. ಮನೆಗೆ ಬಂದ ಮೇಲೆ 104ಕ್ಕೆ ಫೋನ್ ಮಾಡಿ ದೂರು ಕೊಡಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ಬಿಲ್ಲಿನ ನಕಲು ಹಾಕಿ ಅರ್ಜಿ ಬರೆಯಿರಿ, ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ. ಬರೆಯಲು ಬರದಿದ್ದರೆ ಊರಿನ ಸ್ವಸಹಾಯ ಸಂಘದ ಹುಡುಗಿಯರ ಕೈಲಿ ಬರೆಸಿ. ಅವರಲ್ಲೇ ಯಾರಾದರೂ ಬಸುರಿ ಇದ್ದರಂತೂ ಇನ್ನೂ ಗಟ್ಟಿಯಾಗಿ ಬರೀತಾರೆ.